ಬೋರ್‌ವೆಲ್ ಸರದಿ ಮತ್ತು ಮುಯ್ಯಿ ಲೆಕ್ಕ

ಪುಟ್ಟಾ, ಅತ್ತೆ ಕಣೋ. ಇಷ್ಟುದ್ದ ಟೈಪ್ ಮಾಡೋಕೆ ಆಗಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಮಧ್ಯೆ ಕುಕ್ಕರ್ ಕೂಗಿದರೆ ಯಾರೂ ಬೇಜಾರಾಗಬೇಡಿ.

ಪಾಲಿನ ಬೋರ್‌ವೆಲ್‌ನಲ್ಲಿ ಮಂಗಳವಾರ ನಮ್ಮ ಸರದಿ. ಅವತ್ತೇ ಪಕ್ಕದ ತೋಟದವರು ಮೋಟರ್ ಹಾಕಿಕೊಂಡರು. ಅದಕ್ಕೆ ನೀನು 'ನಾಳೆಯಿಂದ ನಾವೂ ಸರದಿ ನೋಡಲ್ಲ, ರಿಪೇರಿಗೂ ದುಡ್ಡು ಕೊಡಲ್ಲ' ಅಂತ ಗ್ರೂಪಿನಲ್ಲಿ ಹಾಕಿದ್ದೀಯ. ಅಣ್ಣಾ, ನೀನು ಬೇರೆ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದೀಯ!

ನಾನು ಕಾಲೇಜಿನಲ್ಲಿ ಗೇಮ್ ಥಿಯರಿ, ಅಂದರೆ ನಮ್ಮ ಲಾಭ ಎದುರಿನವನ ನಡೆಯ ಮೇಲೂ ನಿಂತಿರುವಾಗ ಏನು ಮಾಡಬೇಕು ಅನ್ನೋ ಲೆಕ್ಕ, ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆಯೋದು ಇದೇ ಜಗಳವನ್ನು. ಇಬ್ಬರೂ ಮಾತು ಉಳಿಸಿಕೊಂಡರೆ ತಲಾ 3 ಅಂಕ. ಒಬ್ಬ ಕೈಕೊಟ್ಟರೆ ಅವನಿಗೆ 5, ನಂಬಿದವನಿಗೆ ಸೊನ್ನೆ. ಇಬ್ಬರೂ ಕೈಕೊಟ್ಟರೆ ಒಂದೊಂದು. ಒಂದೇ ಸಲದ ಆಟವಾದರೆ ಎದುರಿನವನು ಏನೇ ಮಾಡಲಿ, ಕೈಕೊಡೋದೇ ಲಾಭ. ಆದರೆ ತೋಟ ಒಂದು ದಿನದ್ದಲ್ಲ, ಅಲ್ವಾ? ನಾಳೆಯೂ ಅದೇ ಬೇಲಿ, ಅದೇ ಮುಖ.

1980ರ ಸುಮಾರಿಗೆ ಅಮೆರಿಕದ ಪ್ರೊಫೆಸರ್ ರಾಬರ್ಟ್ ಆಕ್ಸೆಲ್‌ರಾಡ್ ಈ ಆಟಕ್ಕೆ ಕಂಪ್ಯೂಟರಿನಲ್ಲಿ ಪಂದ್ಯಾವಳಿಯನ್ನೇ ನಡೆಸಿದರು. ಓದಿದವರೆಲ್ಲ ಸೇರಿ 14 ಪ್ರೋಗ್ರಾಂ ಕಳಿಸಿದರು. ಒಂದೊಂದು ಜೋಡಿಗೂ 200 ಸುತ್ತು. ಗೆದ್ದದ್ದು ಅನಟೋಲ್ ರಾಪಪೋರ್ಟ್ ಕಳಿಸಿದ್ದು, ಎಲ್ಲಕ್ಕಿಂತ ಚಿಕ್ಕದು. ಮೊದಲು ಒಳ್ಳೆಯದಾಗಿ ನಡೆದುಕೋ. ಆಮೇಲೆ ಅವನು ಹೋದ ಸುತ್ತಿನಲ್ಲಿ ಮಾಡಿದ್ದನ್ನೇ ಮಾಡು. ಅಷ್ಟೇ, ನಮ್ಮ ಮುಯ್ಯಿಗೆ ಮುಯ್ಯಿ. ಎರಡನೇ ಸಲ 62 ಬಂದವು, ಆಗಲೂ ಅದೇ ಗೆದ್ದಿತು.

ಮಜಾ ಏನು ಗೊತ್ತಾ? ಅದು ಎದುರಾಳಿಗಳಲ್ಲಿ ಒಬ್ಬನಿಗಿಂತಲೂ ಜಾಸ್ತಿ ಅಂಕ ತೆಗೆಯಲಿಲ್ಲ. ತೆಗೆಯೋಕೆ ಆಗೋದೂ ಇಲ್ಲ, ತಾನಾಗಿ ಮೊದಲು ಕೈಕೊಡೋದೇ ಇಲ್ಲವಲ್ಲ. ಸಮ, ಇಲ್ಲಾ ಒಂಚೂರು ಕಡಿಮೆ. ಆದರೂ ಒಟ್ಟು ಕೂಡಿದಾಗ ಅದೇ ಮೇಲೆ! ಅಮ್ಮನ ಮುಯ್ಯಿ ಪುಸ್ತಕ ನೋಡಿದ್ದೀಯಲ್ಲ, ಕೆಂಪು ರಟ್ಟಿನದು. ನನ್ನ ಮದುವೆಗೆ ಯಾರು ಹತ್ತು ರೂಪಾಯಿ, ಯಾರು ಸ್ಟೀಲ್ ಚೊಂಬು, ಎಲ್ಲ ಅದರಲ್ಲಿದೆ. ಅವರ ಮನೆ ಮದುವೆಗೆ ಹೊರಡುವ ಮುಂಚೆ ಅಮ್ಮ ಅದನ್ನು ತೆಗೆದು ನೋಡುತ್ತಿದ್ದರು. ನಾಟಿಗೆ ಮುಯ್ಯಾಳು ಹೋಗುತ್ತಿದ್ದದ್ದೂ ಅದೇ ಲೆಕ್ಕದಲ್ಲಿ.

ಆದರೆ ಇದಕ್ಕೊಂದು ರೋಗ ಇದೆ. ಒಬ್ಬರು ತಪ್ಪು ತಿಳಿದುಕೊಂಡರೆ ಸಾಕು. ಅವನದ್ದಕ್ಕೆ ನೀನು, ನಿನ್ನದಕ್ಕೆ ಅವನು, ನಿಲ್ಲೋದೇ ಇಲ್ಲ. ಆಗಾಗ ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳೋ ಮುಯ್ಯಿ ಇನ್ನೂ ಮೇಲು ಅಂತ 1992ರಲ್ಲಿ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಲೆಕ್ಕ ಹಾಕಿ ತೋರಿಸಿದರು.

ಸೋಮವಾರ, ಅವರ ಸರದಿಯ ದಿನ, ತ್ರೀ ಫೇಸ್ ಕರೆಂಟೇ ಬರಲಿಲ್ಲ ಅಂತ ನೀನೇ ಹೇಳಿದ್ದೆ. ಅದನ್ನು ಮಂಗಳವಾರ ತುಂಬಿಕೊಂಡರೇನೋ. ಕೇಳಿದೆಯಾ? ಇಲ್ಲ. ಕರೆಂಟ್ ಹೋದರೆ ಸರದಿಯೂ ಹೋಯಿತಾ, ಮುಂದಕ್ಕೆ ಹೋಗುತ್ತಾ? ಇಷ್ಟು ವರ್ಷದಲ್ಲಿ ಇದನ್ನು ಯಾರೂ ಮಾತಾಡಿಕೊಂಡಿಲ್ಲ ನೋಡು. ಸಂಜೆ ಹೋಗಿ ಕೇಳು. ಸುಮ್ನೆ ಕೇಳು, ಜಗಳಕ್ಕಲ್ಲ. ಬೇಕಂತಲೇ ಮಾಡಿದ್ದಾದರೆ ಮುಂದಿನ ಸೋಮವಾರ ನಾವು ಮೋಟರ್ ಹಾಕಿಕೊಳ್ಳೋಣ, ಒಂದೇ ಒಂದು ಸಲ, ಅವರಿಗೆ ಹೇಳಿಯೇ. ರಿಪೇರಿ ದುಡ್ಡು ಮಾತ್ರ ನಿಲ್ಲಿಸಬೇಡ ಮಾರಾಯ. ಮೋಟರ್ ಸುಟ್ಟರೆ ಅವರ ಅಡಿಕೆ ಜೊತೆ ನಮ್ಮದೂ ಒಣಗುತ್ತದೆ.

ಅಣ್ಣಾ, ಮೊದಲು ಆ ಹೆಬ್ಬೆಟ್ಟು ತೆಗಿ. ಮೂರನೇ ವಿಸಲ್ ಆಯಿತು, ಇಡುತ್ತೇನೆ.