ಕರಡಿ ಹತ್ತು ಅಡಿ ಹಾರಿತಂತೆ

ನಮ್ಮ ‘ಹಾನುಬಾಳು ಬಂಧುಗಳು’ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಓಡಾಡುವುದು ಕಾಫಿ ರೇಟು, ಮಳೆ, ಯಾರದೋ ಮಗಳ ಜಾತಕ. ಎಲ್ಲರೂ ಬೆಂಗಳೂರು ಸೇರಿ ವರ್ಷಗಳಾದರೂ ಬೆಳಗ್ಗೆ ಎದ್ದು ಕೇಳುವುದು ಸಕಲೇಶಪುರದ ಮಳೆಯನ್ನೇ. ಕಳೆದ ಭಾನುವಾರ ವಿಜಯನಗರದ ಚಿಕ್ಕಪ್ಪ ಒಂದು ವಿಡಿಯೊ ಹಾಕಿದರು. ಕೆಳಗೆ ಬರಹ: ‘500 ಮ್ಯಾಗ್ನಂ ರಿವಾಲ್ವರ್! ಒಂದೇ ಗುಂಡಿಗೆ ಕರಡಿ ಹತ್ತು ಅಡಿ ಹಿಂದಕ್ಕೆ ಹಾರುತ್ತೆ. 44 ಮ್ಯಾಗ್ನಂ ಎಲ್ಲಾ ಇದರ ಮುಂದೆ ಮಕ್ಕಳಾಟ. ಎಲ್ಲರಿಗೂ ಕಳಿಸಿ.’

ಚಿಕ್ಕಪ್ಪನ ಚಿಂತೆ ಬೇರೆ. ಮಗ ಪುಟ್ಟು ಅಮೆರಿಕದ ಮೊಂಟಾನಾದಲ್ಲಿದ್ದಾನೆ. ಈ ವರ್ಷ ಜಿಂಕೆ ಬೇಟೆಗೆ ಹೋಗುತ್ತಾನಂತೆ.

ಬನಶಂಕರಿ ಅತ್ತೆ: ‘ಅಯ್ಯೋ, ಪುಟ್ಟು ಇದನ್ನ ತಗೊಂಡಿದಾನಾ?’

ಪ್ರೊಫೆಸರ್ ಭಾವ: ‘ಮೂಲ?’

ಅರಿಸಿನದ ಹಾಲಿಗೂ ಮೂಲ ಕೇಳಿದವರು ನಮ್ಮ ಭಾವ. ಯಾರೂ ಉತ್ತರ ಕೊಡಲಿಲ್ಲ. ಅವರೇ ಮುಂದುವರಿಸಿದರು: ‘ಕರಡಿ ಹಾರಬೇಕಾದರೆ ಹೊಡೆದವನೂ ಹಿಂದಕ್ಕೆ ಹಾರಬೇಕು. ನ್ಯೂಟನ್ ನಿಯಮ.’

ಚಿಕ್ಕಪ್ಪ: ‘ನ್ಯೂಟನ್ ಕರಡಿ ನೋಡಿದ್ನಾ ಅಳಿಯಂದ್ರೆ?’

ಅಷ್ಟರಲ್ಲಿ ಪುಟ್ಟು ಬಂದ. ‘ಅಪ್ಪ, 500 ಯಾರಿಗೆ ಬೇಕು? ನಾನು ನೋಡ್ತಿರೋದು 44 ಮ್ಯಾಗ್ನಂ, ಇಲ್ಲಾ 454 ಕಸುಲ್.’

ಭಾವ ಉದ್ದಕ್ಕೆ ಬರೆದರು: ‘44 ಮ್ಯಾಗ್ನಂ 1955ರದ್ದು. ಹೆಸರಿಗೆ .44 ಇಂಚು, ನಿಜಕ್ಕೆ ಗುಂಡಿನ ಅಡ್ಡಳತೆ .429 ಇಂಚು. ಹತ್ತಿರದಿಂದ ಹೊಡೆದರೆ ಜಿಂಕೆಗೆ ಧಾರಾಳ. ಅದೇ ರಿವಾಲ್ವರಿಗೆ ಮೆತ್ತಗಿನ 44 ಸ್ಪೆಷಲ್ ತೋಟೆ ಹಾಕಿ ಕೈ ಪಳಗಿಸಬಹುದು. ಹಾಗೇ 454ರಲ್ಲಿ ಮೆತ್ತಗಿನ 45 ಕೋಲ್ಟ್ ತೋಟೆ ಹಾಕಬಹುದು, 45 ಕೋಲ್ಟ್ ರಿವಾಲ್ವರಿನಲ್ಲಿ 454ರ ತೋಟೆ ಹಾಕೋ ಹಾಗಿಲ್ಲ. 500 ಬಂದಿದ್ದು 2003ರಲ್ಲಿ. ಐದೇ ಗುಂಡು, ಉದ್ದ ನಳಿಗೆಯದ್ದು ಸುಮಾರು ಎರಡು ಕೆ.ಜಿ. ಶಕ್ತಿ 44ರ ಎರಡರಷ್ಟಕ್ಕಿಂತ ಜಾಸ್ತಿ, ಹೊಡೆದಾಗ ಕೈಗೆ ಬೀಳೋ ಒದೆಯೂ ಹಾಗೇ. ಒದೆಗೆ ಹೆದರಿ ಟ್ರಿಗರ್ ಎಳೆಯೋ ಮೊದಲೇ ಕೈ ಅದುರಿದರೆ ಗುಂಡು ಎಲ್ಲಿಗೋ ಹೋಗುತ್ತೆ. ಗಾಯಗೊಂಡ ಜಿಂಕೆ ಹುಡುಕ್ಕೊಂಡು ಕಾಡಲ್ಲಿ ಅಲೀಬೇಕು.’

ಇಡೀ ದಿನದಲ್ಲಿ ಬಂದ ಕೆಲಸದ ಮಾತು ಇದೊಂದೇ. ಇದಕ್ಕೆ ಬಿದ್ದಿದ್ದು ಒಂದು ಹೆಬ್ಬೆರಳು, ಅದೂ ಅಕ್ಕನದು.

ದೊಡ್ಡಪ್ಪ ಎದ್ದರು. ‘ಮೂಕ ಪ್ರಾಣಿ ಕೊಂದು ಏನು ಸಿಗುತ್ತೆ? ನಮ್ಮಲ್ಲಿ 1972ರಲ್ಲೇ ವನ್ಯಜೀವಿ ಕಾಯ್ದೆ ಬಂತು. ಅಮೆರಿಕದವರು ಕಲೀಬೇಕು.’

ನಾನು ಸುಮ್ನಿರಬಹುದಿತ್ತು. ‘ದೊಡ್ಡಪ್ಪ, ಕಾಡುಹಂದಿ ಹೊಡೆದ ಕಥೆ ಹೇಳ್ತಿದ್ರಲ್ಲ?’

‘ಅದು ಕಾಯ್ದೆಗೆ ಮೊದಲು.’

ಅತ್ತೆ: ‘ನೀನು ಹುಟ್ಟಿದ್ದೇ 1968ರಲ್ಲಿ ಕಣೋ.’

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತುಂಬಾ ಹೊತ್ತು ತೋರಿಸಿತು. ಕೊನೆಗೆ ಬಂತು: ‘ಪಕ್ಕದಲ್ಲಿ ನಿಂತಿದ್ದೆ.’

ಅಲ್ಲಿಂದ ಮಾತು ಅಜ್ಜನ ಜೋಡಿನಳಿಗೆ ಕೋವಿಗೆ ಹೊರಳಿತು. ಅಕ್ಕ ಶುರು ಮಾಡಿದಳು. ಅಜ್ಜ ಹಳೇ ಪಂಚೆ ತುಂಡಿಗೆ ಎಣ್ಣೆ ಅದ್ದಿ, ಕಡ್ಡಿಗೆ ಸುತ್ತಿ, ನಳಿಗೆಯೊಳಗೆ ತೂರಿಸಿ ಎಳೆಯುತ್ತಿದ್ದರು. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತಂದು ಪಂಚಾಂಗದೊಳಗೆ ಇಡುತ್ತಿದ್ದರು. ಓದುತ್ತಾ ನನಗೂ ಆ ಎಣ್ಣೆ ವಾಸನೆ ಬಂತು.

ಹಾಳು ಮಾಡಿದ್ದು ಭಾವ. ‘ಈಗ ಎಲ್ಲಿದೆ ಆ ಕೋವಿ?’

ಅತ್ತೆ: ‘ವಿಜಯನಗರದವರನ್ನ ಕೇಳಿ.’

ಚಿಕ್ಕಪ್ಪ: ‘ಲೈಸೆನ್ಸ್ ಯಾರಾದ್ರೂ ಹೆಸರಿಗೆ ಮಾಡಿಸ್ಕೊಳ್ಳಿ ಅಂತ ಎಲ್ಲರಿಗೂ ಫೋನ್ ಮಾಡಿದ್ದೆ. ಒಬ್ಬರೂ ಬರಲಿಲ್ಲ. ಡೀಲರ್‌ಗೆ ಕೊಟ್ಟೆ.’

ಅತ್ತೆ: ‘ದುಡ್ಡು?’

ಚಿಕ್ಕಪ್ಪ: ‘ಹಂಡೆ ಯಾರು ತಗೊಂಡು ಹೋದ್ರು ಅಂತ ನಾನು ಕೇಳಿದ್ನಾ?’

ಹಂಡೆಯ ಮೇಲೆ ಮಧ್ಯಾಹ್ನವೆಲ್ಲ ಹೋಯಿತು. ತಾಮ್ರದ್ದೋ ಹಿತ್ತಾಳೆಯದ್ದೋ ಅನ್ನುವುದೂ ತೀರ್ಮಾನವಾಗಲಿಲ್ಲ. ದೊಡ್ಡಪ್ಪ ಗುಂಪು ಬಿಟ್ಟರು, ಅಕ್ಕ ಮತ್ತೆ ಸೇರಿಸಿದಳು.

ರಾತ್ರಿ, ಮೊಂಟಾನಾದಲ್ಲಿ ಬೆಳಗಾದ ಮೇಲೆ, ಪುಟ್ಟು ಹಾಕಿದ: ‘44 ತಗೊಳ್ತಿದೀನಿ. ಥ್ಯಾಂಕ್ಸ್ ಭಾವ.’

ಅತ್ತೆ: ‘ಏನಾದ್ರೂ ತಗೋ ಮಗಾ. ಡಿಸೆಂಬರಲ್ಲಿ ಬರುವಾಗ ಬಾದಾಮಿ ತಗೊಂಡು ಬಾ. ಹೋದ ಸಲ ನಮ್ಮನೆಗೆ ಬರೀ ಚಾಕ್ಲೇಟ್ ಬಂತು.’