ಮೂರು ಅವಿಭಾಜ್ಯಗಳ ಮೊತ್ತ 40: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಸಿಂಧನೂರು):
ಮೂರು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳ ಮೊತ್ತ 40 ಆದರೆ ಅವುಗಳ ಗುಣಲಬ್ಧವೆಷ್ಟು ಎಂಬ ಲೆಕ್ಕಕ್ಕೆ 3, 5, 11 ಎಂದು ಪುಟ ತುಂಬ ಕೂಡಿಸಿ ನೋಡಿದರೂ ಪ್ರತಿ ಸಲ ಬೆಸ ಮೊತ್ತವೇ ಬರುತ್ತಿದೆ. ತಪ್ಪೆಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ (ರಾಯಚೂರು):
ನಿಮ್ಮ ಪುಟದಲ್ಲಿಯೇ ಸುಳಿವಿದೆ. ಮೂರು ಬೆಸ ಸಂಖ್ಯೆಗಳ ಮೊತ್ತ ಯಾವಾಗಲೂ ಬೆಸವೇ ಆಗಿರುವುದರಿಂದ, 40 ಬರಬೇಕಾದರೆ ಒಂದು ಸಮ ಸಂಖ್ಯೆ ಇರಲೇಬೇಕು. ಸಮವಾಗಿರುವ ಅವಿಭಾಜ್ಯವೆಂದರೆ 2 ಒಂದೇ. ಉಳಿದೆರಡರ ಮೊತ್ತ 38. 3ರ ಜೊತೆಗೆ 35, 5ರ ಜೊತೆಗೆ 33 ಬರುವುದರಿಂದ ಅವೆರಡೂ ಬಿದ್ದುಹೋಗುತ್ತವೆ; 7ರ ಜೊತೆಗೆ 31 ನಿಲ್ಲುತ್ತದೆ. ಗುಣಲಬ್ಧ 434.

ಉತ್ತರ (ಗಂಗಾವತಿ):
19 ಮತ್ತು 19 ಕೂಡಿದರೂ 38 ಆಗುತ್ತದೆ. ‘ಬೇರೆ ಬೇರೆ’ ಎಂಬ ಮಾತು ಇಲ್ಲದಿದ್ದರೆ 722 ಕೂಡ ಸರಿಯುತ್ತರವಾಗುತ್ತಿತ್ತು; ಪ್ರಶ್ನೆಯನ್ನು ಎರಡು ಸಲ ಓದಿರಿ.

ಪ್ರಶ್ನೆ ಕೇಳಿದವರು:
2ನ್ನು ನಾನು ಮುಟ್ಟಿಯೇ ಇರಲಿಲ್ಲ. ಧನ್ಯವಾದಗಳು.