ಬೀಟಲ್: ಬಿಸಿಯಾದ ಮೇಲೆ ಬ್ರೇಕ್ ಹಿಡ್ಕೊಂಡು ಬಿಡ್ತಾನೇ ಇಲ್ಲ, ಎಲ್ಲಾ ಹೊಸದು ಹಾಕಿದ್ರೂ!

ತುಕ್ಕುಬೇಟೆ
ಸಾಕಾಗಿಹೋಗಿದೆ. 1969ರ ಫೋಕ್ಸ್‌ವ್ಯಾಗನ್ ಬೀಟಲ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಲೈನರ್ (ಡ್ರಮ್‌ಗೆ ಉಜ್ಜೋ ಪಟ್ಟಿ) ಹೊಸದು, ವೀಲ್ ಸಿಲಿಂಡರ್ ನಾಲ್ಕೂ ಹೊಸದು, ಮಾಸ್ಟರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಸಿಲಿಂಡರ್) ಹೊಸದು. ಜಾಕ್ ಮೇಲಿಟ್ಟು ತಿರುಗಿಸಿದ್ರೆ ಚಕ್ರ ಆರಾಮಾಗಿ ತಿರುಗುತ್ತೆ. ರೋಡಿಗಿಳಿದ್ರೆ ಮೊದಲ ಎಂಟ್ಹತ್ತು ಕಿಲೋಮೀಟರ್ ಏನೂ ತೊಂದರೆ ಇಲ್ಲ. ಆಮೇಲೆ ಪೆಡಲ್ ಮೇಲಕ್ಕೆ ಬಂದು ಗಟ್ಟಿಯಾಗುತ್ತೆ, ಗಾಡಿ ಮುಂದಕ್ಕೆ ಎಳೆಯಲ್ಲ, ಮುಂದಿನ ಡ್ರಮ್ ಮೇಲೆ ನೀರು ಚಿಮುಕಿಸಿದ್ರೆ ಚುರ್ ಅನ್ನುತ್ತೆ. ಅರ್ಧ ಗಂಟೆ ನಿಲ್ಲಿಸಿದ್ರೆ ತಾನಾಗೇ ಬಿಡುತ್ತೆ. ಬ್ರೇಕ್ ಲೈನಿನ ಏರ್ ಪೂರ್ತಿ ತೆಗೆದಾಗಿದೆ. ಏನಿರಬಹುದು? "ಮೆಕ್ಯಾನಿಕ್‌ಗೆ ತೋರಿಸಿ" ಅನ್ನೋರು ದಯವಿಟ್ಟು ಮುಂದೆ ಹೋಗಿ.

ಗ್ರೀಸ್‌ಗುರು
ಹೋಸ್. ನೂರಕ್ಕೆ ನೂರು ಹೋಸ್. ಎಲ್ಲಾ ಹೊಸದು ಅಂದ್ರಿ, ಹೋಸ್ ಹೆಸರೇ ಎತ್ತಿಲ್ಲ. ಹಳೇ ರಬ್ಬರ್ ಹೋಸ್ ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗಿನ ಪದರ ಊದಿ ತೂತು ಮುಚ್ಚಿರುತ್ತೆ. ನೀವು ಒತ್ತೋ ಒತ್ತಡಕ್ಕೆ ಆಯಿಲ್ ಆಚೆ ಹೋಗುತ್ತೆ. ವಾಪಸ್ ತಳ್ಳೋಕೆ ಇರೋದು ಬರೀ ಶೂ (ಲೈನರ್ ಕೂರಿಸಿರೋ ಬಾಗಿದ ತಗಡು) ಸ್ಪ್ರಿಂಗ್, ಅದಕ್ಕೆ ಆ ಶಕ್ತಿ ಇಲ್ಲ. ನಾಲ್ಕೂ ಬದಲಾಯಿಸಿ, ಮುಗೀತು.

ತುಕ್ಕುಬೇಟೆ
ಹೋಸ್ ನಾಲ್ಕೂ ಹೊಸದೇ ಗುರು. ಅದನ್ನ ಬೇರೆ ಹೇಳಬೇಕಾ ಅಂತ ಬರೀಲಿಲ್ಲ.

ಗ್ರೀಸ್‌ಗುರು
ಯಾವ ಕಂಪನಿದು? ಈಗ ಬರೋ ಹೋಸ್ ಹೊಸದ್ರಲ್ಲೇ ಕೆಟ್ಟಿರುತ್ತೆ. ಬಿಚ್ಚಿ ಬಾಯಲ್ಲಿ ಊದಿ ನೋಡಿ. ಸುಲಭವಾಗಿ ಗಾಳಿ ಹೋಗಲಿಲ್ಲ ಅಂದ್ರೆ ಅದೇ ಕಾರಣ.

ಹತ್ತೊಂಬತ್ತರ_ಪಾನಾ
ಹೋಸ್ ಕಟ್ಟಿಕೊಂಡ್ರೆ ಆ ಒಂದು ಚಕ್ರ ಹಿಡಿಯುತ್ತೆ, ಗಾಡಿ ಒಂದು ಕಡೆ ಎಳೆಯುತ್ತೆ. ಎರಡು ಹೋಸ್ ಒಟ್ಟಿಗೆ, ಒಂದೇ ಕಿಲೋಮೀಟರ್‌ನಲ್ಲಿ ಕಟ್ಟಿಕೊಳ್ಳೋದಾ? ಇನ್ನೊಂದು ವಿಷಯ, ಪೆಡಲ್ ಮೇಲೆ ಬರ್ತಿದೆ ಅಂತ ಅವರೇ ಬರೆದಿದ್ದಾರೆ. ಹೋಸ್ ಸಮಸ್ಯೆಯಲ್ಲಿ ಪೆಡಲ್ ಹಾಗೆ ಏರಲ್ಲ.

ತುಕ್ಕುಬೇಟೆ, ಕೆಲವು ಪ್ರಶ್ನೆ:
ಗಾಡಿ ಹಿಡಿದಾಗ ಪೆಡಲ್‌ನಿಂದ ಕಾಲು ತೆಗೆದಿದ್ರೂ ಹಿಂದಿನ ಬ್ರೇಕ್ ಲೈಟ್ ಉರೀತಾ ಇರುತ್ತಾ? (ಇಗ್ನಿಷನ್ ಆನ್ ಇಟ್ಟು ನೋಡಿ.)
ಹಿಂದಿನ ಡ್ರಮ್ ಕೂಡ ಬಿಸಿಯಾ, ಇಲ್ಲಾ ಮುಂದಿನದು ಮಾತ್ರವಾ?
ಯಾವ ಬ್ರೇಕ್ ಆಯಿಲ್ ಹಾಕಿದ್ದೀರಿ?
ಪೆಡಲ್ ಸೆಟ್ ಯಾವಾಗಾದ್ರೂ ಬಿಚ್ಚಿದ್ರಾ?

ನಿಪ್ಪಲ್_7
ಬ್ರೇಕ್ ಲೈಟ್ ಪ್ರಶ್ನೆ ಯಾಕೆ ಅಂತ ಗೊತ್ತಿಲ್ಲದವರಿಗೆ: ಬೀಟಲ್‌ನಲ್ಲಿ ಬ್ರೇಕ್ ಲೈಟ್ ಸ್ವಿಚ್ ಪೆಡಲ್ ಹತ್ರ ಇಲ್ಲ, ಮಾಸ್ಟರ್ ಮೇಲೇ ಇದೆ, ಒತ್ತಡಕ್ಕೆ ಆನ್ ಆಗುತ್ತೆ. ಕಾಲು ತೆಗೆದ ಮೇಲೂ ಲೈಟ್ ಉರೀತಿದ್ರೆ ಒತ್ತಡ ಮಾಸ್ಟರ್ ಒಳಗೇ ಸಿಕ್ಕಿಕೊಂಡಿದೆ ಅಂತ ಅರ್ಥ. ದುಡ್ಡು ಖರ್ಚಿಲ್ಲದ ಪ್ರೆಶರ್ ಗೇಜ್.

ಏರ್‌ಕೂಲ್ಡ್_ಏಕೆ47
ಡ್ರಮ್ ಇಟ್ಕೊಂಡು ಯಾಕೆ ಒದ್ದಾಡ್ತೀರಾ ಸಾರ್. ನನ್ನದರಲ್ಲಿ ಮುಂದೆ ಡಿಸ್ಕ್, 20.6 ಎಂಎಂ ಮಾಸ್ಟರ್, ಹಿಂದೆ ಅಗಲದ ಡ್ರಮ್, ಸ್ಟೀಲ್ ಜಾಲರಿ ಹೋಸ್. ಎಂಜಿನ್ ಕಡೆ ಎರಡು ಕಾರ್ಬುರೇಟರ್, ಹೊರಗಡೆ ಆಯಿಲ್ ಕೂಲರ್ ಫ್ಯಾನ್ ಸಮೇತ. ಒಮ್ಮೆ ಮಾಡಿಸಿದ್ರೆ ತಲೆನೋವೇ ಇಲ್ಲ.

ಸುರುಳಿಸ್ಪ್ರಿಂಗ್
ಕೇಳಿದ್ದು ಯಾಕೆ ಹಿಡೀತಿದೆ ಅಂತ. ನಿಮ್ಮ ಆಯಿಲ್ ಕೂಲರ್‌ಗೂ ಅದಕ್ಕೂ ಏನು ಸಂಬಂಧ?

ಅಂದಹಾಗೆ ಸರಿಯಾಗಿ ಹೊಂದಿಸಿದ ನಾಲ್ಕು ಡ್ರಮ್ ಆ ಗಾಡಿಯ ತೂಕಕ್ಕೆ ಸಾಕು. ಎಂಜಿನ್ ಹಿಂದಿರೋದ್ರಿಂದ ಮುಂದಿನ ಚಕ್ರಕ್ಕೆ ಬೇರೆ ಗಾಡಿಗಳಷ್ಟು ಭಾರ ಬೀಳಲ್ಲ.

ತುಕ್ಕುಬೇಟೆ
ಲೈಟ್ ನೋಡಿದೆ, ಉರೀತಾ ಇತ್ತು! ಹಿಂದಿನ ಡ್ರಮ್‌ಗಳೂ ಬಿಸಿ, ಮುಂದಿನಷ್ಟಿಲ್ಲ. ಆಯಿಲ್ ಹೊಸದು, ಡಾಟ್ 4, ಮುಚ್ಚಿದ ಡಬ್ಬಿ ಒಡೆದು ಹಾಕಿದ್ದು. ಪೆಡಲ್ ಸೆಟ್ ಬಿಚ್ಚಲೇಬೇಕಿತ್ತು, ಕೆಳಗಿನ ತಗಡು ತುಕ್ಕು ಹಿಡಿದು ವೆಲ್ಡಿಂಗ್ ಮಾಡಿಸಿದ್ದು. ಅದಕ್ಕೂ ಬ್ರೇಕಿಗೂ ಏನು?

ನಿಪ್ಪಲ್_7
"ಅದಕ್ಕೂ ಬ್ರೇಕಿಗೂ ಏನು" 😀 ಪಾನಾ ಸರ್, ನೀವೇ ಹೇಳಿ.

ಹತ್ತೊಂಬತ್ತರ_ಪಾನಾ
ಸರಿ, ಕಾರಣದಿಂದ ಶುರು ಮಾಡೋಣ.

ಮಾಸ್ಟರ್ ಒಳಗೆ ಪಿಸ್ಟನ್ ಪೂರ್ತಿ ಹಿಂದೆ ಬಂದು ನಿಂತಾಗ, ರಬ್ಬರ್ ಕಪ್‌ನ ಮುಂದೆ ಒಂದು ಸಣ್ಣ ತೂತು ತೆರೆದಿರುತ್ತೆ, ಸೂಜಿ ಮೊನೆ ಹೋಗುವಷ್ಟು. ಲೈನಿನಲ್ಲಿರೋ ಆಯಿಲ್ ಬಿಸಿಯಾಗಿ ಹಿಗ್ಗಿದಾಗ ಆ ತೂತಿನಿಂದ ಮೇಲಿನ ಟ್ಯಾಂಕಿಗೆ ವಾಪಸ್ ಹೋಗಬೇಕು. ಪಿಸ್ಟನ್ ಒಂದು ಕೂದಲೆಳೆಯಷ್ಟು ಮುಂದೆ ನಿಂತ್ರೂ ಕಪ್‌ನ ಅಂಚು ತೂತನ್ನ ಮುಚ್ಚುತ್ತೆ. ತಣ್ಣಗಿರುವಾಗ ಹಿಗ್ಗುವಿಕೆ ಇಲ್ಲ, ಹಾಗಾಗಿ ಜಾಕ್ ಮೇಲೆ ಚಕ್ರ ಆರಾಮಾಗಿ ತಿರುಗುತ್ತೆ. ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಡ್ರಮ್ ಬಿಸಿ, ಆಯಿಲ್ ಹಿಗ್ಗುತ್ತೆ, ಹೋಗೋಕೆ ದಾರಿ ಇಲ್ಲ, ಶೂ ತಳ್ಳುತ್ತೆ. ಶೂ ಉಜ್ಜಿ ಇನ್ನಷ್ಟು ಬಿಸಿ, ಇನ್ನಷ್ಟು ಒತ್ತಡ. ಪೆಡಲ್ ಮೇಲೆ ಬಂದು ಗಟ್ಟಿಯಾಗೋದು ಇದಕ್ಕೇ. ತಣ್ಣಗಾದ್ರೆ ಆಯಿಲ್ ಕುಗ್ಗಿ ತಾನಾಗೇ ಬಿಡುತ್ತೆ.

ಪೆಡಲ್‌ನ ತಳ್ಳುರಾಡ್‌ಗೂ ಪಿಸ್ಟನ್‌ಗೂ ನಡುವೆ 1 ಎಂಎಂ ಸಂದು ಇರಲೇಬೇಕು. ಪೆಡಲ್ ಪ್ಯಾಡ್ ಹತ್ರ ಅದು 5ರಿಂದ 7 ಎಂಎಂ ಖಾಲಿ ಆಟವಾಗಿ ಗೊತ್ತಾಗುತ್ತೆ. ಕಾಲಲ್ಲಿ ಒತ್ತಿ ನೋಡಿದ್ರೆ ತಿಳಿಯಲ್ಲ, ಕೈಯಲ್ಲಿ ನೋಡಿ. ನಿಮ್ಮಲ್ಲಿ ಆ ಆಟ ಇಲ್ಲ ಅಂತ ನನ್ನ ಅಂದಾಜು. ವೆಲ್ಡಿಂಗ್ ಆದ್ಮೇಲೆ ಪೆಡಲ್ ಹಿಂದಿನ ಸ್ಟಾಪ್ ಪ್ಲೇಟನ್ನ (ಪೆಡಲ್ ವಾಪಸ್ ಬಂದು ತಾಗಿ ನಿಲ್ಲೋ ತಗಡು) ಕಣ್ಣಂದಾಜಿಗೆ ಕೂರಿಸಿರ್ತಾರೆ.

ಆದ್ರೆ ಮೊದಲು ಖಚಿತ ಮಾಡ್ಕೊಳ್ಳಿ. ಗಾಡಿ ಹಿಡಿದಿರುವಾಗಲೇ, ತಣ್ಣಗಾಗೋಕೆ ಬಿಡದೆ, ಮಟ್ಟದ ಜಾಗದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಮಾಸ್ಟರ್ ಹಿಡಿದಿರೋ ಎರಡು 13ರ ಪಾನಾದ ಬೋಲ್ಟ್ ಒಂದೆರಡು ಸುತ್ತು ಸಡಿಲ ಮಾಡಿ. ಮಾಸ್ಟರ್ ಸ್ವಲ್ಪ ಮುಂದೆ ಸರಿದು ಚಕ್ರ ಬಿಟ್ಟುಕೊಟ್ರೆ ಸಂದು ಇಲ್ಲದ್ದೇ ಕಾರಣ. ಬಿಡಲಿಲ್ಲ ಅಂದ್ರೆ ಮಾಸ್ಟರ್‌ನಿಂದ ಹೊರಡೋ ಪೈಪಿನ 11ರ ನಟ್ ಸಡಿಲ ಮಾಡಿ. ಆಗ ಚಿಮ್ಮಿ ಬಿಟ್ರೆ ಮಾಸ್ಟರ್ ಒಳಗೇ ತೊಂದರೆ: ತೂತಲ್ಲಿ ಕಸ ಇರಬಹುದು, ಕಪ್ ಊದಿರಬಹುದು. ಅದಕ್ಕೂ ಬಿಡದೆ ಚಕ್ರದ ಹತ್ರ 7ರ ನಿಪ್ಪಲ್ (ಏರ್ ತೆಗೆಯೋ ತಿರುಪು) ತೆಗೆದಾಗ ಮಾತ್ರ ಬಿಟ್ರೆ ಗ್ರೀಸ್‌ಗುರು ಹೇಳಿದ ಹೋಸ್. ನಿಪ್ಪಲ್ ತೆಗೆದ್ರೂ ಬಿಡಲಿಲ್ಲ ಅಂದ್ರೆ ಆಯಿಲ್ ವಿಷಯವೇ ಅಲ್ಲ, ಡ್ರಮ್ ಒಳಗೆ ಶೂ ಸಿಕ್ಕಿಕೊಂಡಿದೆ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ, ಒರೆಸೋಕೆ ಹೋಗಬೇಡಿ.

ಗ್ರೀಸ್‌ಗುರು
ಇಷ್ಟೆಲ್ಲಾ ಯಾಕೆ, ಟ್ಯಾಂಕ್ ಮುಚ್ಚಳ ತೆಗೆದು ಪೆಡಲ್ ಒತ್ತಿ ಬಿಡಿ. ತೂತು ತೆರೆದಿದ್ರೆ ಆಯಿಲ್ ಮೇಲಕ್ಕೆ ಚಿಲುಮೆ ಥರ ಏಳುತ್ತೆ.

ನಿಪ್ಪಲ್_7
ಟ್ಯಾಂಕ್ ಮಾಸ್ಟರ್ ನೆತ್ತಿ ಮೇಲೇ ಕೂತಿರೋ ಗಾಡೀಲಿ ಸರಿ. ಬೀಟಲ್‌ನಲ್ಲಿ ಟ್ಯಾಂಕ್ ಗಾಡಿಯ ಮುಂಭಾಗದಲ್ಲಿ, ಸ್ಟೆಪ್ನಿಯ ಹಿಂದೆ, ಮಾಸ್ಟರ್ ಕೆಳಗೆ, ನಡುವೆ ಉದ್ದ ಪೈಪ್. ಚಿಲುಮೆ ಕಾಣಲ್ಲ. ಕಾಣದಿದ್ದಕ್ಕೆ ತೂತು ಮುಚ್ಚಿದೆ ಅಂತ ತೀರ್ಮಾನ ಮಾಡಿದ್ರೆ ಒಳ್ಳೇ ಮಾಸ್ಟರ್ ಬಿಸಾಕ್ತೀರಿ.

ಏರ್‌ಕೂಲ್ಡ್_ಏಕೆ47
ಡಾಟ್ 4 ತೆಗೆದು ಸಿಲಿಕೋನ್ ಡಾಟ್ 5 ಹಾಕಿ. ನೀರು ಹೀರಲ್ಲ, ಪೇಂಟ್ ತಿನ್ನಲ್ಲ, 260 ಡಿಗ್ರಿವರೆಗೆ ಕುದಿಯಲ್ಲ.

ಸುರುಳಿಸ್ಪ್ರಿಂಗ್
ಈ ಸಮಸ್ಯೆಗೆ ಅದು ಇನ್ನೂ ಕೆಟ್ಟದ್ದು. ಸಿಲಿಕೋನ್ ಬಿಸಿಗೆ ಡಾಟ್ 4 ಥರದ ಗ್ಲೈಕಾಲ್ ಆಯಿಲ್‌ಗಿಂತ ಹೆಚ್ಚು ಹಿಗ್ಗುತ್ತೆ. ತೂತು ಮುಚ್ಚಿರೋ ಮಾಸ್ಟರ್‌ಗೆ ಅದನ್ನ ಹಾಕಿದ್ರೆ ಇನ್ನೂ ಬೇಗ ಹಿಡಿಯುತ್ತೆ. ಡಾಟ್ 4 ಜೊತೆ ಬೆರೆಯೋದೂ ಇಲ್ಲ, ಹಳೇದು ಉಳಿದಲ್ಲಿ ಪದರ ಪದರವಾಗಿ ನಿಲ್ಲುತ್ತೆ. ಹಾಕಲೇಬೇಕು ಅಂದ್ರೆ ಪೈಪ್ ಒಣಗಿಸಿ, ರಬ್ಬರ್ ಎಲ್ಲಾ ಬದಲಾಯಿಸಿ ಹಾಕಿ.

ಏರ್‌ಕೂಲ್ಡ್_ಏಕೆ47
ಮೇಡಂ, ನನ್ನ ಗಾಡಿ ಸಿಲಿಕೋನ್‌ನಲ್ಲೇ ಓಡ್ತಿದೆ.

ಸುರುಳಿಸ್ಪ್ರಿಂಗ್
ನಿಮ್ಮ ಮಾಸ್ಟರ್ ತೂತು ತೆರೆದಿದೆ, ಅದಕ್ಕೆ ಓಡ್ತಿದೆ. ಡಾಟ್ 4 ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೂ 155. ಎರಡು ವರ್ಷಕ್ಕೊಮ್ಮೆ ಬದಲಾಯಿಸೋರಿಗೆ ಅದೇ ಧಾರಾಳ.

ತುಕ್ಕುಬೇಟೆ, ಒಂದು ಅನುಮಾನ ನಿವಾರಿಸ್ಕೊಳ್ಳಿ. ಟ್ಯಾಂಕ್‌ನಿಂದ ನಾಲ್ಕು ಹನಿ ಗಾಜಿನ ಲೋಟದ ನೀರಿಗೆ ಬಿಡಿ. ಕರಗಿಹೋದ್ರೆ ಗ್ಲೈಕಾಲ್, ಸರಿ. ಮೇಲೆ ತೇಲಿದ್ರೆ ಸಿಲಿಕೋನ್ ಇರಬೇಕು, ಇಲ್ಲಾ ಯಾರೋ ಪವರ್ ಸ್ಟಿಯರಿಂಗ್ ಆಯಿಲ್‌ನಂಥದ್ದು ಸುರಿದಿದ್ದಾರೆ. ಆ ಎರಡನೇದಾದ್ರೆ ಕಪ್ ಎಲ್ಲಾ ಊದಿರುತ್ತೆ, ಒಂದೂ ರಬ್ಬರ್ ಉಳಿಸಬೇಡಿ.

ತುಕ್ಕುಬೇಟೆ
ನೀರಲ್ಲಿ ಕರಗಿತು. 13ರ ಬೋಲ್ಟ್ ಸಡಿಲ ಮಾಡಿದ ತಕ್ಷಣ ಚಕ್ರ ಬಿಟ್ಟಿತು, ಬ್ರೇಕ್ ಲೈಟೂ ಆರಿತು. ಪೆಡಲ್‌ನಲ್ಲಿ ಆಟ ಸೊನ್ನೆ. ತಳ್ಳುರಾಡ್ ನಟ್ ಬಿಚ್ಚಿ ಉದ್ದ ಕಡಿಮೆ ಮಾಡ್ಲಾ?

ಹತ್ತೊಂಬತ್ತರ_ಪಾನಾ
ಮಾಡಬೇಡಿ. ರಾಡ್ ಉದ್ದ ಫ್ಯಾಕ್ಟರಿ ಅಳತೆ, ಅದನ್ನ ಮುಟ್ಟಿದ್ರೆ ಪೆಡಲ್ ಕೋನ ಕೆಡುತ್ತೆ. ಸರಿಸಬೇಕಾದ್ದು ಸ್ಟಾಪ್ ಪ್ಲೇಟ್.

ಮಾಸ್ಟರ್ ಬೋಲ್ಟ್ ಮೊದಲು ಪೂರ್ತಿ ಬಿಗಿ ಮಾಡಿ, ಸಡಿಲ ಇದ್ದಾಗ ತೆಗೆದ ಅಳತೆ ಸುಳ್ಳು. ಆಮೇಲೆ ಪ್ಲೇಟಿನ ಬೋಲ್ಟ್ ಸಡಿಲ ಮಾಡಿ ಪ್ಲೇಟನ್ನ ಡ್ರೈವರ್ ಕಡೆ ಸರಿಸ್ತಾ ಬನ್ನಿ, ಕೈಯಲ್ಲಿ 5ರಿಂದ 7 ಎಂಎಂ ಆಟ ಸಿಗೋವರೆಗೆ. ಬಿಗಿ ಮಾಡುವಾಗ ಪ್ಲೇಟ್ ಜಾರುತ್ತೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ. ಪ್ಲೇಟನ್ನ ಪೂರ್ತಿ ಬಿಚ್ಚಬೇಡಿ. ಬಿಚ್ಚಿದ್ರೆ ಪೆಡಲ್ ಹಿಂದಕ್ಕೆ ಬಿದ್ದು ಕ್ಲಚ್ ಕೇಬಲ್ ಕೊಕ್ಕೆಯಿಂದ ಕಳಚಿಕೊಳ್ಳುತ್ತೆ, ಮತ್ತೆ ಸಿಗಿಸೋಕೆ ಅರ್ಧ ದಿನ ಹೋಗುತ್ತೆ.

ಪೆಡಲ್ ರಿಟರ್ನ್ ಸ್ಪ್ರಿಂಗ್ ಇದೆಯಾ, ಪೆಡಲ್ ಬುಷ್‌ಗೆ ಗ್ರೀಸ್ ಇದೆಯಾ ನೋಡಿ. ಪೆಡಲ್ ತಾನಾಗಿ ಹಿಂದೆ ಬರದಿದ್ರೆ ಈ ಹೊಂದಾಣಿಕೆಗೆ ಬೆಲೆ ಇಲ್ಲ. ದಪ್ಪ ಕಾರ್ಪೆಟ್ ಹಾಕಿದ್ರೆ ಅದು ಪೆಡಲ್ ಬುಡಕ್ಕೆ ತಾಗದ ಹಾಗೆ ಕತ್ತರಿಸಿ.

ತುಕ್ಕುಬೇಟೆ
6 ಎಂಎಂಗೆ ಕೂರಿಸಿದೆ. 40 ಕಿಲೋಮೀಟರ್ ಓಡಿಸಿದ್ರೂ ಪೆಡಲ್ ಏರಲಿಲ್ಲ, ಲೈಟ್ ಉರೀಲಿಲ್ಲ. ಪಾನಾ ಸರ್, ದೊಡ್ಡ ಉಪಕಾರ. ಆದ್ರೆ ಮುಂದಿನ ಬಲ ಡ್ರಮ್ ಮಾತ್ರ ಎಡಕ್ಕಿಂತ ಬಿಸಿ.

ಗ್ರೀಸ್‌ಗುರು
ಹೋಸ್! ಮೊದಲ ದಿನವೇ ಹೇಳಿದ್ದೆ.

ನಿಪ್ಪಲ್_7
🙏

ಹತ್ತೊಂಬತ್ತರ_ಪಾನಾ
ಹೋಸ್ ಹೌದೋ ಅಲ್ಲವೋ ನಿಪ್ಪಲ್ ಹೇಳುತ್ತೆ. ಬಿಸಿ ಇರುವಾಗ ಆ ಚಕ್ರ ಎತ್ತಿ ತಿರುಗಿಸಿ, ನಿಪ್ಪಲ್ ತೆಗೆದು ಮತ್ತೆ ತಿರುಗಿಸಿ. ವ್ಯತ್ಯಾಸ ಇಲ್ಲ ಅಂದ್ರೆ ಡ್ರಮ್ ಬಿಚ್ಚಿ.

ಸುರುಳಿಸ್ಪ್ರಿಂಗ್
ಬಿಚ್ಚಿದಾಗ ಹಲ್ಲಿನ ಅಡ್ಜಸ್ಟರ್ (ಶೂಗೂ ಡ್ರಮ್‌ಗೂ ಸಂದು ಹೊಂದಿಸೋದು) ನೋಡಿ. ಶೂ ಕೂರೋ ಸೀಳು ನೇರ ಇಲ್ಲ, ಓರೆ ಇದೆ. ಶೂ ತುದಿಯ ಓರೆಗೆ ಅದು ಹೊಂದಬೇಕು. ತಿರುವುಮುರುವು ಹಾಕಿದ್ರೆ ಶೂ ವಕ್ರವಾಗಿ ನಿಂತು ಡ್ರಮ್‌ನ ಒಂದು ಅಂಚಿಗೆ ಉಜ್ಜುತ್ತೆ. ಲೈನರ್‌ನ ಒಂದು ಬದಿ ಮಾತ್ರ ಹೊಳೀತಿದ್ರೆ ಇದೇ. ಬ್ಯಾಕ್‌ಪ್ಲೇಟಿನಲ್ಲಿ ಶೂ ಜಾರೋ ಜಾಗಗಳಲ್ಲಿ ಗುಂಡಿ ಬಿದ್ದಿದ್ರೆ ಉಜ್ಜಿ ಮಟ್ಟ ಮಾಡಿ, ಹೆಚ್ಚು ಬಿಸಿ ತಡೆಯೋ ಗ್ರೀಸ್ ತೆಳ್ಳಗೆ ಹಚ್ಚಿ.

ಜೋಡಿಸಿದ ಮೇಲೆ ಪೆಡಲ್ ಒಮ್ಮೆ ಒತ್ತಿ ಶೂಗಳನ್ನ ನಡುವಿಗೆ ತನ್ನಿ. ಒಂದೊಂದೇ ಅಡ್ಜಸ್ಟರನ್ನ, ಗಾಡಿ ಚಕ್ರ ನಿಲ್ಲೋವರೆಗೆ ತಿರುಗಿಸಿ, ಮೂರ್ನಾಲ್ಕು ಹಲ್ಲು ವಾಪಸ್ ಬಿಡಿ. ಹಳೇ ಲೈನರ್ ಧೂಳು ಒಳಗಿದ್ರೆ ಗಾಳಿ ಹೊಡೀಬೇಡಿ, ಆ ಕಾಲದ್ದರಲ್ಲಿ ಕಲ್ನಾರು ಇರುತ್ತೆ. ಒದ್ದೆ ಬಟ್ಟೇಲಿ ಒರೆಸಿ.

ವೈಪರ್_ಬ್ಲೇಡ್
ಇದೇ ಥ್ರೆಡ್‌ನಲ್ಲಿ ಕೇಳ್ತೀನಿ. ನನ್ನದೂ ಹೀಗೇ ಹಿಡಿಯುತ್ತೆ, ಆದ್ರೆ ಮುಂದೆ ಡಿಸ್ಕ್ ಹಾಕಿಸಿದ್ದೀನಿ. ಪೆಡಲ್ ಆಟ 6 ಎಂಎಂ ಸರಿಯಾಗೇ ಇದೆ.

ಏರ್‌ಕೂಲ್ಡ್_ಏಕೆ47
ಡಿಸ್ಕ್ ಹಾಕಿದ್ರಾ, ಸೂಪರ್! ಚಕ್ರ ಎಷ್ಟು ಇಂಚು?

ಹತ್ತೊಂಬತ್ತರ_ಪಾನಾ
ಮಾಸ್ಟರ್ ಡ್ರಮ್ ಗಾಡಿದೇ ಉಳಿಸಿದ್ರಾ? ಹಳೇ ಡ್ರಮ್ ಮಾಸ್ಟರ್ ಹಲವದರಲ್ಲಿ ಪೈಪ್ ಹೊರಡೋ ಕಡೆ ಒಂದು ಚಿಕ್ಕ ವಾಲ್ವ್ ಇರುತ್ತೆ. ವೀಲ್ ಸಿಲಿಂಡರ್ ಕಪ್ ಅಂಚು ಗೋಡೆಗೆ ಒತ್ತಿಕೊಂಡಿರಲಿ ಅಂತ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತೆ, 0.7 ಬಾರ್ ಆಸುಪಾಸು. ಡ್ರಮ್‌ನಲ್ಲಿ ಶೂ ಸ್ಪ್ರಿಂಗ್ ಅದನ್ನ ಮೀರಿ ಎಳೆಯುತ್ತೆ. ಡಿಸ್ಕ್‌ನ ಕ್ಯಾಲಿಪರ್‌ನಲ್ಲಿ (ಪ್ಯಾಡ್ ಒತ್ತೋ ಭಾಗ) ಎಳೆಯೋ ಸ್ಪ್ರಿಂಗೇ ಇಲ್ಲ, ಪ್ಯಾಡ್ ಸದಾ ಉಜ್ಜುತ್ತೆ. ಮುಂದಿನ ಲೈನಿನ ಆ ವಾಲ್ವ್ ತೆಗೀಬೇಕು, ಇಲ್ಲಾ ಡಿಸ್ಕ್ ಮಾಸ್ಟರ್ ಹಾಕಬೇಕು. ಹಿಂದಿನದು ಹಾಗೇ ಇರಲಿ.

ಗ್ರೀಸ್‌ಗುರು
ಹೋಸ್ ಯಾವುದು ಹಾಕಿದ್ದೀರಿ?

ವೈಪರ್_ಬ್ಲೇಡ್
ಮಾಸ್ಟರ್ ಹಳೇದೇ. ವಾಲ್ವ್ ಇದೆಯಾ ಅಂತ ಬಿಚ್ಚದೆ ತಿಳಿಯೋದು ಹೇಗೆ?

ನಿಪ್ಪಲ್_7
ಪೆಡಲ್ ಒತ್ತಿ ಬಿಟ್ಟು ಒಂದು ನಿಮಿಷ ಕಾಯಿರಿ. ಕಾಲು ದೂರ ಇಟ್ಟು ಮುಂದಿನ ನಿಪ್ಪಲ್ ಸಡಿಲಿಸಿ. ತೆಗೆದ ಕ್ಷಣ ಪುಸಕ್ ಅಂತ ಚಿಮ್ಮಿ ಆಮೇಲೆ ತೊಟ್ಟಿಕ್ಕಿದ್ರೆ ಒತ್ತಡ ಉಳಿದಿದೆ. ಮೊದಲಿಂದಲೂ ಬರೀ ತೊಟ್ಟಿಕ್ಕಿದ್ರೆ ವಾಲ್ವ್ ಇಲ್ಲ, ಆಗ ಕ್ಯಾಲಿಪರ್ ಪಿಸ್ಟನ್ ತುಕ್ಕು ನೋಡಿ.

ಏರ್‌ಕೂಲ್ಡ್_ಏಕೆ47
ಚಕ್ರ ಎಷ್ಟು ಇಂಚು ಅಂತ ಹೇಳಲೇ ಇಲ್ಲ.